ಅಕ್ಕನ ಹೆಸರಿನ ಅಂಗಡಿಗಳು

ಈಗ ಆ ಹೆಸರಿನ ಅಂಗಡಿಗಳು ಎಷ್ಟು ಊರುಗಳಲ್ಲಿವೆಯೋ ನನಗೆ ಗೊತ್ತಿಲ್ಲ. ಹಿರಿಯೂರಿನಲ್ಲಿ ಒಂದನ್ನು ನೋಡಿದ್ದೇನೆ. ಈಚೆಗೆ ಬಳ್ಳಾರಿಗೆ ಹೋದಾಗ ಬಸ್ಸಿನ ಕಿಟಕಿಯಿಂದ ಇನ್ನೊಂದು ಕಂಡಿತು. ಮೇಲೆ ನಮ್ಮಕ್ಕನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ, ಹಗಲು ಹೊತ್ತಿನಲ್ಲೂ ಉರಿಯುವ ಲೈಟಿನಲ್ಲಿ. ಒಳಗೆ ಪೆನ್ನು, ನೋಟ್‌ಬುಕ್ಕು, ಆಟದ ಸಾಮಾನು, ಶಾಲೆ ಬ್ಯಾಗು. ಹೊರಗೆ ಬರುವವರ ಕೈಯಲ್ಲಿ ಕಾಗದದ ಚೀಲ, ಅದರ ಮೇಲೂ ಅದೇ ಹೆಸರು. ಆ ಹೆಸರಿನ ಹೆಂಗಸು ಅದೇ ಹೊತ್ತಿನಲ್ಲಿ ಮೊಳಕಾಲ್ಮೂರಿನ ಒಂದು ಓಣಿಯಲ್ಲಿ, ಬೇರೆಯವರ ಮನೆಯ ಪಡಸಾಲೆಯಲ್ಲಿ ಕೂತು, ಕೂಲಿಗೆ ರೇಷ್ಮೆ ನೂಲು ಸುತ್ತುತ್ತಿದ್ದಳು.

ಇದು ಹೇಗಾಯಿತು ಅಂತ ಬರೆದಿಡಬೇಕು ಅನ್ನಿಸಿದೆ. ನಾನು ಓದಿದ್ದು ಏಳನೇ ಕ್ಲಾಸು. ಆದರೆ ಜೀವಮಾನವೆಲ್ಲ ಕಾಗದ, ಪೆನ್ನು ಮಾರಿದವನು. ಬರೆಯುವ ಸಾಮಾನಿಗಂತೂ ಮನೆಯಲ್ಲಿ ಕೊರತೆಯಿಲ್ಲ.

ನಮ್ಮಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಮೂಟೆ ಹೊರುತ್ತಿದ್ದ. ಅವನು ತೀರಿಕೊಂಡ ವರ್ಷವೇ ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅವ್ವ ಅತ್ತಳು. ಅಕ್ಕ ಮಾತ್ರ ಅಳಲಿಲ್ಲ. ಒಂದು ರಟ್ಟಿನ ಡಬ್ಬಿಗೆ ದಾರ ಕಟ್ಟಿ, ಅದರೊಳಗೆ ಪೆನ್ನು, ರೀಫಿಲ್ಲು, ಬಾಚಣಿಗೆ ಜೋಡಿಸಿ ನನ್ನ ಕೊರಳಿಗೆ ಹಾಕಿದಳು. "ಓದು ಬ್ಯಾಡ ಅಂದ್ಯಲ್ಲ, ಓದೋರ ಹಿಂದೆ ಓಡಾಡು ಹೋಗು," ಅಂದಳು. ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸು ಹತ್ತಿ ಇಳಿದು ಮಾರಿದೆ. ಆಮೇಲೆ ತಾಲ್ಲೂಕು ಕಚೇರಿ ಮುಂದೆ ತಾಡಪಾಲು ಕಟ್ಟಿಕೊಂಡು, ಅರ್ಜಿ ಬರೆಯುವವರಿಗೆ ಬಿಳಿ ಹಾಳೆ, ಕಾರ್ಬನ್ನು, ಗೋಂದು ಮಾರಿದೆ. ಮಳೆ ಬಂದರೆ ಕಾಗದವನ್ನು ಎದೆಗೆ ಅವುಚಿಕೊಂಡು ಕಚೇರಿಯ ಮೆಟ್ಟಿಲಿಗೆ ಓಡುತ್ತಿದ್ದೆ. ನಾನು ನೆಂದರೆ ಒಣಗುತ್ತೇನೆ, ಕಾಗದ ನೆಂದರೆ ಹೋಯಿತು.

ಕೊನೆಗೆ ಒಂದು ಮಳಿಗೆ ಸಿಕ್ಕಿತು. ಬೋರ್ಡು ಬರೆಯುವವನು ಬಣ್ಣ ಕಲಸಿಕೊಂಡು ಏಣಿ ಹತ್ತಿ, "ಯಾವ ದೇವರ ಹೆಸರು ಹಾಕ್ಲಿ?" ಅಂತ ಕೇಳಿದ. ನಾನು ಅಕ್ಕನ ಹೆಸರು ಹೇಳಿದೆ. ಆಗ ಅವಳು ಮದುವೆಯಾಗಿ ಮೊಳಕಾಲ್ಮೂರಿಗೆ ಹೋಗಿದ್ದಳು. ಭಾವ ಸೀರೆ ನೇಯುವವರು. ಪೂಜೆಯ ದಿನ ಬಂದವಳು ಬೋರ್ಡು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು.

"ಏನಲೇ, ನಾನೇನು ಸತ್ತು ಹೋಗೀನಾ, ನನ್ನ ಹೆಸರು ಗೋಡೆಗೆ ಬರ್ಸೀಯ?"

"ಇರ್ಲಿ ಬಿಡಕ್ಕ. ದೇವರು ಬಂದು ಕೊರಳಿಗೆ ಡಬ್ಬಿ ಹಾಕ್ಲಿಲ್ಲ, ನೀನು ಹಾಕ್ದೆ."

ಭಾವ ನಕ್ಕು, "ಇನ್ನು ನಮ್ಮನೇಲಿ ಇವಳನ್ನ ಹಿಡಿಯೋರಿಲ್ಲ," ಅಂದರು.

ಅಂಗಡಿ ಬೆಳೆಯಿತು. ನನ್ನ ಮೈ ಮುರಿದು ಬೆಳೆಸಿದೆ ಅಂತ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಶಾಲೆ ಶುರುವಾಗುವ ತಿಂಗಳು ನಾನೂ ನನ್ನ ಹೆಂಡತಿಯೂ ಅಂಗಡಿಯಲ್ಲೇ ಊಟ, ಅಂಗಡಿಯಲ್ಲೇ ನಿದ್ದೆ. ಊರಾಚೆಯ ವರವು ಕಾವಲಿನ ಬಯಲಿನಲ್ಲಿ ಸರ್ಕಾರಿ ಸಂಸ್ಥೆಗಳ ದೊಡ್ಡ ದೊಡ್ಡ ಕಾಂಪೌಂಡು ಎದ್ದ ಮೇಲೆ ಹೊರಗಿನ ಜನ ಬಂದರು. ಅವರ ಮಕ್ಕಳಿಗೆ ನಾವು ಹೆಸರೇ ಕೇಳಿರದ ಬಣ್ಣದ ಪೆನ್ಸಿಲ್ಲು ಬೇಕಿತ್ತು. ತರಿಸಿಕೊಟ್ಟೆ. ಇಲ್ಲ ಅನ್ನುವ ಮಾತು ನನ್ನ ಅಂಗಡಿಯಲ್ಲಿರಲಿಲ್ಲ. ನಾಳೆ ಬಾ ಅನ್ನುತ್ತಿದ್ದೆ, ನಾಳೆ ಇರುತ್ತಿತ್ತು.

ಹೀಗಿರುವಾಗ ಭಾವ ತೀರಿಕೊಂಡರು. ಮಕ್ಕಳಿರಲಿಲ್ಲ. ಮನೆಯ ಮಗ್ಗ ನಿಂತಿತು. ಚಳ್ಳಕೆರೆಗೆ ಬಂದುಬಿಡು ಅಂತ ಕರೆದೆ, ಅಕ್ಕ ಬರಲಿಲ್ಲ. "ತಮ್ಮನ ಮನೇಲಿ ಎರಡು ದಿನ ಚಂದ," ಅಂದಳು. ಹಾಗಿದ್ದರೆ ನಿನ್ನ ಊರಿಗೇ ಅಂಗಡಿ ಬರಲಿ ಅಂತ ಮೊಳಕಾಲ್ಮೂರಿನಲ್ಲಿ ಎರಡನೆಯದನ್ನು ತೆರೆದೆ. ಅದೇ ಹೆಸರು. ಒಳಗೆ ಅದೇ ಹೆಸರಿನ ಹೆಂಗಸು.

ಆ ಅಂಗಡಿಯನ್ನು ಅಕ್ಕ ನಡೆಸಿದ ರೀತಿ ನನ್ನದಲ್ಲ. ನಾನು ಡಜನ್ನು ಲೆಕ್ಕದವನು. ಅವಳು ಎಲ್ಲವನ್ನೂ ಬಿಡಿಯಾಗಿ ಕೊಡುತ್ತಿದ್ದಳು. ಒಂದು ಹಾಳೆ, ಒಂದು ಗುಂಡುಪಿನ್ನು, ಅರ್ಧ ಬಳಪ. ಅದರಲ್ಲೂ ಗ್ರಾಫ್ ಹಾಳೆ. ಊರಿನ ನೇಕಾರರು ಸೀರೆಯ ಅಂಚು, ಬುಟ್ಟಾ ಯೋಚಿಸುವಾಗ ಮೊದಲು ಅದನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ಬಣ್ಣ ತುಂಬಿ ನೋಡುತ್ತಾರೆ. ಒಂದು ಚೌಕ ಅಂದರೆ ಮಗ್ಗದಲ್ಲಿ ಇಷ್ಟು ಎಳೆ ಅಂತ ಲೆಕ್ಕ. ಅಂಗಡಿಯ ಮುಂದೆ ಅಕ್ಕ ಒಂದು ಹಲಗೆ ಹಾಕಿಸಿದ್ದಳು. ನೇಕಾರರು ಅಲ್ಲೇ ಕೂತು, ಒಂದೊಂದೇ ಹಾಳೆ ಕೊಂಡು, ಅವಳ ಪೆನ್ಸಿಲ್ಲಿನಲ್ಲೇ ನವಿಲು, ರುದ್ರಾಕ್ಷಿ ಬರೆಯುತ್ತಿದ್ದರು. ಇವಳು ನೇಕಾರನ ಹೆಂಡತಿಯಾಗಿದ್ದವಳು. ಸ್ಟೂಲಿನ ಮೇಲಿಂದಲೇ ಬಗ್ಗಿ ನೋಡಿ ಮಾತಾಡುತ್ತಿದ್ದಳು.

"ಅಣ್ಣಾ, ನಿನ್ನ ನವಿಲಿಗೆ ಕೊರಳು ಉದ್ದ ಆತು ನೋಡು. ಒಂಟೆ ಅಂತ ಮಾರ್ತೀಯಾ?"

"ಅಮ್ಮಾ, ಕೊಳ್ಳೋರು ಅಂಚು ನೋಡ್ತಾರೆ, ಕೊರಳು ಯಾರ್ ನೋಡ್ತಾರೆ?"

"ಉಡೋಳು ನೋಡ್ತಾಳೆ ಕಣಪ್ಪ."

ಹಿಂದಿನ ಸಾಲಿನಿಂದ ಯಾರಾದರೂ ತೆಲುಗಿನಲ್ಲಿ ಒಂದು ಮಾತು ಎಸೆಯುತ್ತಿದ್ದರು, ಅಕ್ಕ ಕನ್ನಡದಲ್ಲಿ ತಿರುಗಿಸಿ ಎಸೆಯುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನು ಸಾಮಾನು ಹಾಕಲು ಹೋದಾಗ ಈ ಗದ್ದಲ ನೋಡಿ, "ಇದೇನು ಅಂಗಡಿಯೋ ಅರಳಿಕಟ್ಟೆಯೋ?" ಅಂತ ಗದರುತ್ತಿದ್ದೆ. ನನ್ನ ಮೂರು ಅಂಗಡಿಗಳಲ್ಲಿ ಜನ ವಿಳಾಸ ಕೇಳದೆ ಬರುತ್ತಿದ್ದದ್ದು ಅದೊಂದಕ್ಕೇ.

ಮೂರು ಅಂದೆನಲ್ಲ, ಮೂರನೆಯದು ರಾಂಪುರದ್ದು. ಬಳ್ಳಾರಿ ರಸ್ತೆಯ ಮೇಲೆ, ಒಳ್ಳೆ ಜಾಗ. ಅದನ್ನು ತೆರೆದ ಮೇಲೆಯೇ ಬಳ್ಳಾರಿ ಸಾಹುಕಾರರ ಕಣ್ಣು ನಮ್ಮ ಮೇಲೆ ಬಿದ್ದದ್ದು. ಅವರು ಹಿರಿಯರು, ಕಾಗದದ ಸಗಟು ವ್ಯಾಪಾರ, ತೆಲುಗು ಬೆರೆಸಿ ಕನ್ನಡ ಮಾತಾಡುವವರು. ನಾನೇ ಅವರ ಬಳಿ ಸರಕು ಕೊಳ್ಳುತ್ತಿದ್ದವನು. ಒಂದು ದಿನ ಕಾರಿನಲ್ಲಿ ನನ್ನ ಮನೆಗೇ ಬಂದರು. ಮೂರೂ ಅಂಗಡಿ, ಹೆಸರಿನ ಸಮೇತ ಕೊಡು ಅಂದರು.

ಆಗ ನನ್ನ ಬೆನ್ನಿನ ಆಪರೇಷನ್ ಆಗಿತ್ತು. ಮೂಟೆ ಎತ್ತಬೇಡ, ಬಸ್ಸಿನಲ್ಲಿ ಜಾಸ್ತಿ ಓಡಾಡಬೇಡ ಅಂದಿದ್ದರು. ಶಾಲೆಗಳು ತಾವೇ ನೋಟ್‌ಬುಕ್ಕು ಹಂಚಲು ಶುರು ಮಾಡಿದ್ದವು. ಮಗಳು ಟೀಚರಾಗಿ ಗಂಡನ ಊರಿನಲ್ಲಿದ್ದಳು, ಅವಳಿಗೆ ವ್ಯಾಪಾರ ಬೇಡ. ಇವೆಲ್ಲ ನಿಜ. ಬಳ್ಳಾರಿಯ ಕಾರು ನನ್ನ ಮನೆ ಮುಂದೆ ನಿಂತದ್ದನ್ನು ಬೀದಿಯವರೆಲ್ಲ ನೋಡಿದರು, ಅದೂ ನಿಜ. ಕೊರಳಿಗೆ ಡಬ್ಬಿ ಹಾಕಿಕೊಂಡು ಓಡಾಡಿದವನ ಹತ್ತಿರ ಕೊಳ್ಳಲಿಕ್ಕೆ ಸಾಹುಕಾರರೇ ಬಂದಿದ್ದಾರೆ! ನನ್ನ ಎದೆ ಉಬ್ಬಿತ್ತು.

ಒಪ್ಪಿಕೊಂಡೆ. ಹೆಂಡತಿ ಕಾಫಿ ತಂದಿಟ್ಟು ಒಳಗೆ ಕರೆದಳು. "ನಿಮ್ಮಕ್ಕನ್ನ ಒಂದ್ ಮಾತು ಕೇಳಿದ್ರಾ?"

"ಅವಳನ್ನೇನು ಅಂತ ಕೇಳ್ಲಿ? ಅವಳ ಜಾಗ ಅವಳಿಗೆ ಇದ್ದೇ ಇರ್ತೈತೆ. ಅದಿಲ್ದೆ ಕೊಡ್ತೀನಾ ನಾನು?"

ಹಾಗೆಯೇ ಸಾಹುಕಾರರಿಗೆ ಹೇಳಿದೆ. ಮೊಳಕಾಲ್ಮೂರಿನ ಅಂಗಡಿಯಲ್ಲಿ ಅಕ್ಕ ಕೈಕಾಲು ಆಡುವವರೆಗೆ ಕೂರುತ್ತಾಳೆ, ಯಾರೂ ಏಳಿಸಬಾರದು. ಅವರು ಕೈ ಮುಗಿದರು. ನಮ್ಮ ಕಡೆ ಹೆಣ್ಣು ಒಪ್ಪಿದರೂ, ಹೊಲ ಒಪ್ಪಿದರೂ ಎಲೆ ಅಡಿಕೆ ಬದಲಾಯಿಸುತ್ತೇವೆ. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಹಿಂದೆ ಸರಿದವನನ್ನು ಯಾರೂ ಮನೆಯೊಳಗೆ ಕರೆಯುವುದಿಲ್ಲ. ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ತೆಂಗಿನಕಾಯಿ ಇಟ್ಟು ಕೊಟ್ಟೆ. ಅವರು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. "ಮಾಟ ಇಚ್ಚಾನು ಕದಾ, ಮಾತು ಕೊಟ್ಟೆನಲ್ಲಪ್ಪ. ನಿಮ್ಮಕ್ಕ ನನಗೂ ಅಕ್ಕನೇ," ಅಂದರು.

ಮುಂದಿನ ವಾರ ವಕೀಲರ ಆಫೀಸಿನಲ್ಲಿ ಕರಾರು ಓದಿದರು. ಈ ಮೂರು ಊರುಗಳಲ್ಲಿ ನಾನಾಗಲಿ ನನ್ನ ಕುಟುಂಬದವರಾಗಲಿ ಮತ್ತೆ ಇದೇ ವ್ಯಾಪಾರ ಮಾಡಬಾರದು ಅಂತ ಒಂದು ಮಾತಿತ್ತು. ಸರಿಯೇ, ಯಾವ ಕೊಳ್ಳುವವನೂ ಅದನ್ನು ಕೇಳುತ್ತಾನೆ. ವಕೀಲರು ಕನ್ನಡಕ ಮೇಲೆತ್ತಿ, "ನಿಮ್ಮ ಕಡೆಯಿಂದ ಏನಾದ್ರೂ ಸೇರಿಸೋದೈತೇನ್ರಿ?" ಅಂದರು. ಸಾಹುಕಾರರು ನನ್ನ ಪಕ್ಕದಲ್ಲೇ ಕೂತಿದ್ದರು. ಎಲೆ ಅಡಿಕೆ ಹಿಡಿದ ಮೇಲೆ ಅದನ್ನೇ ಮತ್ತೆ ಬರೆಸಿದರೆ ಅವರ ಮುಖಕ್ಕೆ ಹೊಡೆದ ಹಾಗೆ. "ಏನೂ ಇಲ್ರಿ, ಮಾತಾಗೈತೆ," ಅಂದೆ. ನಮ್ಮವರು ಯಾರೇ ಆಗಿದ್ದರೂ ಹಾಗೇ ಅನ್ನುತ್ತಿದ್ದರು.

ಅಕ್ಕನಿಗೆ ಸುದ್ದಿ ಹೇಳಿದಾಗ ಅವಳು ಪೆನ್ನುಗಳನ್ನು ಸ್ಟ್ಯಾಂಡಿಗೆ ಸಿಗಿಸುತ್ತಿದ್ದಳು. ಕೈ ನಿಲ್ಲಲಿಲ್ಲ. "ನನ್ನ ಹೆಸರನ್ನೂ ಕೊಟ್ಯಾ?" ಅಂದಳು. ಅಂಗಡಿ ಹೆಸರಕ್ಕ ಅದು ಅಂದೆ. "ಹೂಂ," ಅಂದಳು.

ಸಾಹುಕಾರರು ಇರುವವರೆಗೆ ಕೊಟ್ಟ ಮಾತನ್ನು ನಡೆಸಿದರು. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಹೊಸ ಊರುಗಳಲ್ಲಿ ಅಂಗಡಿ ತೆರೆದರು, ಬೋರ್ಡು ದೊಡ್ಡದು ಮಾಡಿದರು, ಆದರೆ ಮೊಳಕಾಲ್ಮೂರಿನ ಹಲಗೆ, ಸ್ಟೂಲು ಮುಟ್ಟಲಿಲ್ಲ. ಆ ದಾರಿಯಲ್ಲಿ ಬಂದರೆ ಕಾರು ನಿಲ್ಲಿಸಿ, "ಅಕ್ಕಯ್ಯಾ, ಬಾಗುನ್ನಾರಾ?" ಅಂತ ಯೋಗಕ್ಷೇಮ ವಿಚಾರಿಸಿ, ಅವಳ ಕೈಯ ಮಜ್ಜಿಗೆ ಕುಡಿದು ಹೋಗುತ್ತಿದ್ದರು. ಅವರು ಸತ್ತಾಗ ಅಕ್ಕನೂ ನಾನೂ ಮಣ್ಣಿಗೆ ಹೋಗಿ ಬಂದೆವು. ವರ್ಷ ತುಂಬುವುದರೊಳಗೆ ಅವರ ಮಕ್ಕಳು ಎಲ್ಲ ಅಂಗಡಿಗಳನ್ನೂ ಹೆಸರಿನ ಸಮೇತ ದೂರದ ಒಂದು ಕಂಪನಿಗೆ ಮಾರಿದರು. ನನಗೆ ಅದು ಗೊತ್ತಾದದ್ದು ಚಳ್ಳಕೆರೆಯ ಅಂಗಡಿಗೆ ಗಾಜಿನ ಬಾಗಿಲು ಕೂತ ಮೇಲೆ. ಮಕ್ಕಳಿಗೆ ಫೋನು ಮಾಡಿದೆ. "ಅಪ್ಪ ನಮಗೇನೂ ಹೇಳಿರಲಿಲ್ಲ ಅಂಕಲ್. ಪೇಪರ್ಸಿನಲ್ಲೂ ಇಲ್ಲ," ಅಂದರು. ಸುಳ್ಳು ಹೇಳಿದರು ಅನ್ನಿಸಲಿಲ್ಲ. ಅವರ ಮಟ್ಟಿಗೆ ಅದು ನಿಜವೇ.

ಅಕ್ಕನಿಗೆ ಫೋನು ಮಾಡಿದೆ. "ಏನೂ ಇಲ್ಲ, ಬಣ್ಣ ಹೊಡೀತಾವ್ರೆ," ಅಂದಳು. ಮತ್ತೆ ಮಾಡಿದಾಗಲೂ "ಎಲ್ಲ ಚೆನ್ನಾಗೈತೆ, ನೀನು ಬೆನ್ನು ನೋಡ್ಕೊ" ಅಂದಳು. ಹಿನ್ನೆಲೆಯಲ್ಲಿ ಮಗ್ಗದ ಸದ್ದು ಕೇಳುತ್ತಿತ್ತು. ಅಂಗಡಿ ಪಕ್ಕದ ಮನೆಯದಿರಬಹುದು ಅಂದುಕೊಂಡೆ.

ಆಮೇಲೆ ಒಂದು ಮದುವೆಗೆ ಅಂತ ಕೊಂಡ್ಲಹಳ್ಳಿಗೆ ಹೋದವನು ಊಟ ಮುಗಿಸಿ ಹಾಗೇ ಮೊಳಕಾಲ್ಮೂರಿಗೆ ಹೋದೆ. ಹಲಗೆ ಇರಲಿಲ್ಲ. ಗಾಜಿನ ಬಾಗಿಲು ತಳ್ಳಿ ಒಳಗೆ ಹೋದರೆ ತಣ್ಣನೆ ಗಾಳಿ. ಕಂಪ್ಯೂಟರ್ ಮುಂದೆ ನಿಂತಿದ್ದ ಹುಡುಗಿ, "ಏನು ಬೇಕು ಸರ್?" ಅಂದಳು.

"ಅಕ್ಕ ಎಲ್ಲಮ್ಮ?"

"ಯಾವ ಅಕ್ಕ ಸರ್?"

ಅವಳ ತಲೆಯ ಮೇಲೆ, ಗೋಡೆಯ ತುಂಬ ಅಕ್ಕನ ಹೆಸರಿತ್ತು. ನಾನು ಅದನ್ನು ತೋರಿಸಲೂ ಇಲ್ಲ. ಹೊರಗೆ ಬಂದೆ. ಎದುರಿನ ಟೀ ಅಂಗಡಿಯವನು ನನ್ನನ್ನು ಗುರುತು ಹಿಡಿದು, ಕೂಗದೆ, ಓಣಿಯ ಕಡೆಗೆ ಕೈ ತೋರಿಸಿದ.

ಓಣಿಯ ಆ ಮನೆಯ ಪಡಸಾಲೆಯಲ್ಲಿ ಅಕ್ಕ ರಾಟೆಯ ಮುಂದೆ ಕೂತಿದ್ದಳು. ಮಗ್ಗದ ಲಾಳಿಗೆ ಹಾಕುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುತ್ತಿದ್ದಳು. ಅದು ಮದುವೆಯಾದ ಹೊಸತರಲ್ಲಿ ಅವಳು ಮಾಡುತ್ತಿದ್ದ ಕೆಲಸ. ಈಗ ಎಳೆ ಕಾಣಲು ಕಣ್ಣು ಹತ್ತಿರ ಒಯ್ಯಬೇಕಾಗಿತ್ತು. ನನ್ನನ್ನು ನೋಡಿ ರಾಟೆ ನಿಲ್ಲಿಸಿ, ಸೆರಗಿನಿಂದ ಪಕ್ಕದ ಜಾಗ ಒರೆಸಿದಳು.

"ಮದುವೆ ಊಟ ಹೆಂಗಿತ್ತೋ?"

"ಯಾಕೆ ಹೇಳ್ಲಿಲ್ಲ ನೀನು?"

"ಏನ್ ಹೇಳ್ಬೇಕಿತ್ತು? ಕಂಪ್ಯೂಟರ್ ಬರ್ತೈತಾ ಅಂದ್ರು, ಬರಲ್ಲ ಅಂದೆ. ಹಂಗಾದ್ರೆ ನಾಳೆಯಿಂದ ಬ್ಯಾಡಮ್ಮ ಅಂದ್ರು. ಕೆಟ್ಟದಾಗೇನೂ ಅನ್ನಲಿಲ್ಲ ಅವ್ರು."

"ನಾನು ಮಾತು ತಗೊಂಡಿದ್ದೆನಲ್ಲಕ್ಕ..."

"ಹೂಂ ಕಣೋ. ಆ ಮಾತು ಕೊಟ್ಟೋರು ಸತ್ತೋದ್ರಲ್ಲ."

ನನಗೆ ಅಲ್ಲಿ ಕೂರಲಾಗಲಿಲ್ಲ. ಇದೇ ಬೀದಿಯಲ್ಲಿ ನಾಳೆಯೇ ಇನ್ನೊಂದು ಅಂಗಡಿ ತೆರೆಯುತ್ತೇನೆ ಅಂದೆ. ಹಾಗಂದ ಮೇಲೆ, ಬಸ್ಸಿನಲ್ಲಿ ಮನೆಗೆ ಬರುವಾಗ, ವಕೀಲರು ಓದಿದ ಕರಾರು ನೆನಪಾಯಿತು. ನಾನಾಗಲಿ, ನನ್ನ ಕುಟುಂಬದವರಾಗಲಿ. ಅವರಿಗೆ ಬೇಕಾದದ್ದೆಲ್ಲ ಕಾಗದದ ಮೇಲಿತ್ತು. ಕಾಗದ ಮಾರಿಯೇ ಬದುಕಿದವನು ನನಗೆ ಬೇಕಾದ ಒಂದೇ ಒಂದನ್ನು ಎಲೆಯ ಮೇಲೆ ಇಟ್ಟು ಬಂದಿದ್ದೆ.

ಮುಂದಿನ ವಾರ ಒಗೆದ ಬಿಳಿ ಅಂಗಿ ತೊಟ್ಟು ಮೊಳಕಾಲ್ಮೂರಿನ ಅಂಗಡಿಯ ಮ್ಯಾನೇಜರನ್ನು ನೋಡಲು ಹೋದೆ. ಸಣ್ಣ ವಯಸ್ಸಿನ ಹುಡುಗ, ಒಳ್ಳೆಯವನೇ. ನಾನು ಯಾರು ಅಂತ ಹೇಳಿದ ಮೇಲೆ ಎದ್ದು ನಿಂತ. ಹೆಸರು ಅಕ್ಕನದು ಅಂತ ಹೇಳಿದಾಗ, "ಹೌದಾ ಸರ್? ನಾವು ದೇವರ ಹೆಸರು ಅಂದ್ಕೊಂಡಿದ್ವಿ," ಅಂದ. ಅವಳನ್ನು ಮತ್ತೆ ಅಲ್ಲಿ ಕೂರಿಸಿಕೊಳ್ಳಿ ಅಂದೆ, ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದ. ಕೇಳಿದ ಕೂಡ. ಎರಡನೇ ಸಲ ಹೋದಾಗ ಖುಷಿಯಿಂದಲೇ ಹೇಳಿದ.

"ಸರ್, ಕೌಂಟರಿಗೆ ಆಗಲ್ಲ, ರೂಲ್ಸ್ ಐತೆ. ಆದ್ರೆ ಕ್ಲೀನಿಂಗಿಗೆ ಒಬ್ರು ಬೇಕು. ಬೆಳಿಗ್ಗೆ ಕಸ ಗುಡಿಸಿ ನೆಲ ಒರೆಸೋದು. ಆಮೇಲೆ ಇಲ್ಲೇ ಕೂತಿರಬಹುದು, ನಾನು ಏನೂ ಅನ್ನಲ್ಲ."

ನನ್ನ ಕಿವಿ ಬಿಸಿಯಾಯಿತು. ಈ ಅಂಗಡಿಯ ಮೊದಲ ಕಪಾಟನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದವನು ನಾನು. ಅಕ್ಕನ ಹೆಸರಿನ ಕೆಳಗೆ ಅಕ್ಕನೇ ನೆಲ ಒರೆಸಬೇಕೇ? "ತಮ್ಮಾ, ನಮ್ಮ ಮನೆ ಹೆಣ್ಣುಮಕ್ಕಳು ಯಾರ ಅಂಗಡಿ ಕಸಾನೂ ಗುಡಿಸಲ್ಲ. ನೀನು ಕೇಳಿದ್ದೇ ತಪ್ಪು," ಅಂದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ಹುಡುಗ ತಲೆ ತಗ್ಗಿಸಿದ. ತಲೆಯೆತ್ತಿಕೊಂಡೇ ಹೊರಗೆ ಬಂದೆ.

ಅದೇ ಬಿಸಿಯಲ್ಲಿ ಓಣಿಗೆ ಹೋಗಿ ಅಕ್ಕನಿಗೆ ಹೇಳಿದೆ. ಹೇಗೆ ಮುಖದ ಮೇಲೆ ಹೇಳಿ ಬಂದೆ ಅಂತ ಹೇಳಿದೆ. ಅವಳೂ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ರಾಟೆ ತಿರುಗುತ್ತಲೇ ಇತ್ತು. ಎಳೆ ಹರಿಯಿತು. ಅವಳು ಅದನ್ನು ಗಂಟು ಹಾಕದೆ ಹಾಗೇ ಹಿಡಿದುಕೊಂಡಳು.

"ಒಲ್ಲೆ ಅಂದುಬಿಟ್ಯಾ?"

"ಇನ್ನೇನು ಅನ್ಲಿ?"

"ಕಸ ಗುಡ್ಸೋದ್ರಾಗೇನೈತಲೇ? ಇಷ್ಟು ವರ್ಷ ಮತ್ಯಾರು ಗುಡಿಸಿದ್ರು ಅದನ್ನ? ನಾನೇ ಅಲ್ವಾ?" ಅಂದಳು. ಆಮೇಲೆ ತುಂಬ ಮೆಲ್ಲಗೆ, "ಒಳಗಿರಬೋದಿತ್ತು ಕಣೋ. ಹೊಸ ಪುಸ್ತಕದ ಕಟ್ಟು ಬಿಚ್ಚಿದಾಗ ವಾಸನೆ ಬರ್ತಿತ್ತು. ಅಷ್ಟಿದ್ರೆ ಸಾಕಿತ್ತು ನನಗೆ. ನನ್ನ ಒಂದ್ ಮಾತು ಕೇಳಬಾರದಿತ್ತಾ?"

ಅಪ್ಪ ಸತ್ತಾಗ ಅಳದವಳು, ಭಾವ ಸತ್ತಾಗ ನನ್ನ ಮುಂದೆ ಅಳದವಳು, ಆ ಹರಿದ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಅತ್ತಳು. ಮಗ್ಗದ ಮೇಲಿದ್ದ ಮನೆಯ ಯಜಮಾನ ನೇಯುವುದನ್ನು ನಿಲ್ಲಿಸಿ ಎದ್ದು ಹಿತ್ತಲಿಗೆ ಹೋದ.

ನನ್ನ ಅಕ್ಕ ಕಸ ಗುಡಿಸಬಾರದು ಅಂತ ಇವತ್ತಿಗೂ ನನಗೆ ಅನ್ನಿಸುತ್ತದೆ. ಅದರಲ್ಲಿ ನಾನು ಬದಲಾಗಿಲ್ಲ. ಆದರೆ ಮರುದಿನ ಬೆಳಗಾದ ಮೇಲೆ ಮೊದಲ ಬಸ್ಸಿಗೇ ಮೊಳಕಾಲ್ಮೂರಿಗೆ ಹೋಗಿ, ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕೂತಿದ್ದೆ. ಜೀವನದಲ್ಲಿ ಯಾರನ್ನೂ ಬೇಡಿದವನಲ್ಲ. ಆ ಹುಡುಗ ಬಂದಾಗ ಎದ್ದು ಕೈ ಮುಗಿದು, ಆ ಕೆಲಸ ಅಕ್ಕನಿಗೇ ಕೊಡಪ್ಪ ಅಂದೆ.

"ಅಯ್ಯೋ ಸರ್," ಅಂದ. ಅವನ ಮುಖ ನಿಜವಾಗಿ ಸಣ್ಣದಾಯಿತು. "ನಿನ್ನೆ ನೀವು ಹೋದ ಮೇಲೆ ಬೇರೆಯವರಿಗೆ ಹೇಳಿಬಿಟ್ಟೆ. ಅವರು ಇವತ್ತಿಂದ ಬರ್ತಾವ್ರೆ. ಅವರಿಗೂ ಕಷ್ಟ ಐತೆ ಸರ್, ಹೆಂಗೆ ಬ್ಯಾಡ ಅನ್ಲಿ?"

ಅನ್ನಬೇಡ ಅಂದೆ.

ಅಕ್ಕನಿಗೆ ಹೇಳಲು ಓಣಿಗೆ ಹೋದೆ. ಹೇಳಿದೆ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. ಯಾರನ್ನು ಸೇರಿಸಿಕೊಂಡರು ಅಂತ ಕೇಳಿದಳು. ಕೋಟೆ ಕಡೆಯ ಒಬ್ಬ ಹೆಂಗಸು ಅಂತೆ ಅಂದೆ.

"ಪಾಪ. ಆಯಮ್ಮಂಗೆ ಒಂದು ಮಾತು ಹೇಳು. ಹಿಂದಿನ ಗೋಡೆ ಕಪಾಟಿನ ತಳದಾಗೆ ನೀರು ಜಿನುಗ್ತೈತೆ. ಮೋಡ ಆದ ತಕ್ಷಣ ಕೆಳಗಿನ ಸಾಲು ಮೇಲೆತ್ತಿ ಇಡಬೇಕು. ಯಾರೂ ಹೇಳಿರಲ್ಲ ಅವಳಿಗೆ. ನೆಂದ್ರೆ ಅವಳ ಮೇಲೇ ಬರ್ತೈತೆ."

ಹೇಳುತ್ತೇನೆ ಅಂದೆ. ಹೋಗುವಾಗ ಅಂಗಡಿ ಮುಂದೆ ಆ ಹೆಂಗಸು ನೀರು ಚೆಲ್ಲುತ್ತಿದ್ದಳು. ಕರೆದು ಹೇಳಿದೆ. ಅವಳು ಬಕೀಟು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಹಿಂದೆ ಕಪಾಟೇ ಇಲ್ವಲ್ರಿ ಯಜಮಾನ್ರೇ. ಆ ಗೋಡೇನೇ ಒಡೆದಾಕವ್ರೆ."

ಮುಂದಿನ ಸಲ ಹೋದಾಗ ಮೋಡ ಹಾಕಿತ್ತು. ಅಕ್ಕ ರಾಟೆಯಿಂದ ತಲೆಯೆತ್ತಿ ಓಣಿಯ ಮೇಲಿನ ಆಕಾಶ ನೋಡಿದಳು.

"ಆಯಮ್ಮಂಗೆ ಹೇಳಿದ್ಯಾ?"

"ಹೇಳಿದೆ."

"ಏನಂದ್ಲು?"

"ಎತ್ತಿ ಇಡ್ತೀನಿ ಅಂದ್ಲಕ್ಕ."